ಪ್ರಾಥಮಿಕ ಶಾಲೆಯಲ್ಲಿ ವ್ಯಸನಮುಕ್ತಿ ಸಪ್ತಾಹ ನಡೆಸುವ ಬಗೆ: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ವ್ಯಸನಮುಕ್ತಿ ಸಪ್ತಾಹ ಎಂದೊಡನೆ ನಮ್ಮ ಶಾಲೆಗಳಲ್ಲಿ ಒಂದು ಸಿದ್ಧ ಪಟ್ಟಿ ಹೊರಬರುತ್ತದೆ: ಬೆಳಿಗ್ಗೆ ಜಾಥಾ, ಘೋಷಣೆ, ಪ್ರತಿಜ್ಞಾವಿಧಿ, ಚಿತ್ರಕಲಾ ಸ್ಪರ್ಧೆ, ಕೊನೆಯ ದಿನ ಗಣ್ಯರ ಭಾಷಣ, ಇಲಾಖೆಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಲು ಬ್ಯಾನರ್ ಎದುರಿನ ಫೋಟೊ. ಇವುಗಳಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಎರಡನೇ ತರಗತಿಯ ಮಗು ಅದೇ ಸಂಜೆ ಅಪ್ಪ ಕೊಟ್ಟ ಇಪ್ಪತ್ತು ರೂಪಾಯಿ ಹಿಡಿದು ಬೀಡಿ ಕಟ್ಟು ತರಲು ಅಂಗಡಿಗೆ ಹೋದಾಗ ಬೆಳಗಿನ ಘೋಷಣೆಗಳಲ್ಲಿ ಒಂದೂ ಅದರ ನೆರವಿಗೆ ಬರುವುದಿಲ್ಲ. ಒಂದರಿಂದ ಏಳನೇ ತರಗತಿಯವರೆಗಿನ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಮಾರ್ಗದರ್ಶಿ ಒಂದೇ ತಿಳಿವಳಿಕೆಯ ಮೇಲೆ ನಿಂತಿದೆ: ಈ ವಯಸ್ಸಿನಲ್ಲಿ ಕಲಿಸಬೇಕಾದದ್ದು ಮಾದಕ ವಸ್ತುಗಳ ಹೆಸರು ಮತ್ತು ಭೀಕರತೆಯನ್ನಲ್ಲ, ‘ಬೇಡ’ ಎನ್ನುವ ಬಾಯಿಯನ್ನು ಮತ್ತು ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿಕೊಳ್ಳುವ ಅಭ್ಯಾಸವನ್ನು. ಉಳಿದ ಕೆಲಸವೆಲ್ಲ ಆ ದೊಡ್ಡವರ ಜೊತೆಗೇ ಆಗಬೇಕಾದದ್ದು.

ಮೊದಲು ಕೈಬಿಡಬೇಕಾದವು

ಯೋಜನೆಗೆ ಕೂರುವ ಮೊದಲೇ ಕೆಲವನ್ನು ಪಟ್ಟಿಯಿಂದ ತೆಗೆದುಹಾಕುವುದು ಒಳ್ಳೆಯದು. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯು 2013ರಲ್ಲಿ ಹೊರತಂದು, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಶಾಲೆಯ ಮಟ್ಟಿಗೆ ಫಲ ಕೊಡದ, ಕೆಲವೊಮ್ಮೆ ಉಲ್ಟಾ ಹೊಡೆಯುವ ಕ್ರಮಗಳನ್ನು ಹೆಸರಿಸಲಾಗಿದೆ. ಬರೀ ಮಾಹಿತಿ ಕೊಟ್ಟು ಮುಗಿಸುವುದು, ಹೆದರಿಸುವುದು, ಭಾಷಣವೊಂದನ್ನೇ ನೆಚ್ಚಿಕೊಳ್ಳುವುದು, ಹಿಂದೆ ವ್ಯಸನಿಯಾಗಿದ್ದವರನ್ನು ಕರೆಸಿ ಅವರ ಕಥೆ ಹೇಳಿಸುವುದು, ಪಾಠದ ಹೊಣೆಯನ್ನು ಪೊಲೀಸರಿಗೆ ಒಪ್ಪಿಸಿಬಿಡುವುದು ಇವೆಲ್ಲ ಆ ಸಾಲಿನಲ್ಲಿವೆ. 1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ‘ಡೇರ್’ ಎಂಬ ಕಾರ್ಯಕ್ರಮದಲ್ಲಿ ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುತ್ತಿದ್ದರು. ಅದು ಆ ದೇಶದ ಉದ್ದಗಲಕ್ಕೂ ಹರಡಿತು. ಆದರೆ 1990ರ ದಶಕದಲ್ಲಿ ಒಂದರ ಹಿಂದೊಂದು ಬಂದ ಅಧ್ಯಯನಗಳು ಮಕ್ಕಳು ಮುಂದೆ ಮಾದಕ ವಸ್ತು ಬಳಸುವ ಪ್ರಮಾಣದಲ್ಲಿ ಅದರಿಂದ ಗಮನಾರ್ಹ ವ್ಯತ್ಯಾಸವೇನೂ ಆಗಿಲ್ಲವೆಂದೇ ಹೇಳಿದವು.

ಹೀಗಾಗಿ ಬಾಯಿ ಕ್ಯಾನ್ಸರಿನ ದೊಡ್ಡ ಚಿತ್ರಪಟಗಳು, ಗುಟ್ಕಾ ಚೀಟಿಗಳ (ಸಣ್ಣ ಪೊಟ್ಟಣಗಳ) ಪ್ರದರ್ಶನ, ಕುಡುಕನ ವೇಷ ಹಾಕಿ ನಗಿಸುವ ಕಿರುನಾಟಕ ಇವು ಮೂರೂ ಬೇಡ. ಮೂರನೆಯದರ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ತೂರಾಡುತ್ತ ಬಂದು ಹೆಂಡತಿಯನ್ನು ಬೈಯುವ ಪಾತ್ರಕ್ಕೆ ಇಡೀ ಪ್ರಾರ್ಥನಾ ಅಂಗಳ ನಗುವಾಗ, ಹಿಂದಿನ ಸಾಲಿನಲ್ಲಿ ಕೂತ ಒಂದಿಬ್ಬರು ಮಕ್ಕಳಿಗೆ ಅದು ನಿನ್ನೆ ರಾತ್ರಿ ಮನೆಯಲ್ಲಿ ನಡೆದದ್ದೇ ಆಗಿರುತ್ತದೆ. ಆ ಮಕ್ಕಳು ಆಮೇಲೆ ಯಾವ ಶಿಕ್ಷಕರ ಬಳಿಯೂ ಬಾಯಿ ಬಿಡುವುದಿಲ್ಲ.

ಯಾವ ವಾರ?

ಜೂನ್ 26 ಮಾದಕ ವಸ್ತು ವಿರೋಧಿ ಅಂತರರಾಷ್ಟ್ರೀಯ ದಿನ. ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿದ್ದು. ಆದರೆ ಜೂನ್ ತಿಂಗಳಲ್ಲಿ ದಾಖಲಾತಿ, ಪುಸ್ತಕ ಮತ್ತು ಸಮವಸ್ತ್ರ ವಿತರಣೆಯ ಗಡಿಬಿಡಿಯೇ ಮುಗಿದಿರುವುದಿಲ್ಲ. ಮೇ 31ರ ತಂಬಾಕುರಹಿತ ದಿನವಂತೂ ಶಾಲೆ ತೆರೆಯುವ ಹೊತ್ತಿಗೇ ಬರುತ್ತದೆ. ಕರ್ನಾಟಕದ ಶಾಲೆಗಳಿಗೆ ಒಗ್ಗುವುದು ಆಗಸ್ಟ್ 1ರ ಆಸುಪಾಸಿನ ವಾರ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಹುಟ್ಟಿದ ದಿನವಾದ ಅದನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಊರೂರು ತಿರುಗಿ ಜೋಳಿಗೆ ಹಿಡಿದು ನಿಂತು, ದವಸಧಾನ್ಯದ ಬದಲು ‘ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ’ ಎಂದು ಬೇಡಿದವರು ಅವರು. ಆಗಸ್ಟ್ ಮೊದಲ ವಾರಕ್ಕೆ ಇನ್ನೊಂದು ಅನುಕೂಲವೂ ಇದೆ. ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲೇ ಅಲ್ಬೆಂಡಜೋಲ್ ಮಾತ್ರೆ ಕೊಡುವುದರಿಂದ, ಮಾತ್ರೆಯನ್ನು ಯಾರಿಂದ ಪಡೆಯಬೇಕು, ಏಕೆ ನುಂಗಬೇಕು ಎಂಬ ಪಾಠಕ್ಕೆ ಕೈಗೆಟುಕುವ ಉದಾಹರಣೆ ಅಲ್ಲೇ ಸಿಗುತ್ತದೆ.

ಹಂತ 1: ಹದಿನೈದು ದಿನ ಮೊದಲು, ಗೇಟಿನ ಹೊರಗೆ ನಡೆದು ನೋಡುವುದು

ಮುಖ್ಯ ಶಿಕ್ಷಕರು, ಹೊಣೆ ಹೊತ್ತ ಒಬ್ಬ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಇಬ್ಬರು ಸದಸ್ಯರು ಮತ್ತು ಆಶಾ ಕಾರ್ಯಕರ್ತೆ ಇಷ್ಟು ಜನರ ತಂಡ ಸಾಕು. ಈ ತಂಡ ಮೊದಲು ಮಾಡಬೇಕಾದದ್ದು ಸಭೆಯಲ್ಲ, ನಡಿಗೆ. ಶಾಲೆಯ ಗೇಟಿನಿಂದ ಮಕ್ಕಳು ಮನೆಗೆ ಹೋಗುವ ದಾರಿಗಳಲ್ಲಿ ಸಂಜೆ ಶಾಲೆ ಬಿಡುವ ಹೊತ್ತಿಗೇ ನಡೆದು, ಬೀಡಿ, ಸಿಗರೇಟು, ಜಗಿಯುವ ತಂಬಾಕಿನ ಚೀಟಿ ಮಾರುವ ಅಂಗಡಿಗಳು ಎಲ್ಲಿವೆ, ಚೀಟಿಗಳ ಸರ ಮಕ್ಕಳ ಕಣ್ಣಿನ ಮಟ್ಟದಲ್ಲಿ, ಚಾಕೊಲೇಟು ಡಬ್ಬಿಯ ಪಕ್ಕದಲ್ಲೇ ತೂಗುತ್ತಿದೆಯೇ, ಯಾವ ಮಕ್ಕಳು ದೊಡ್ಡವರಿಗಾಗಿ ಕೊಳ್ಳಲು ಬರುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಬೇಕು.

ಕಾನೂನು ಇಲ್ಲಿ ಶಾಲೆಯ ಪರವಾಗಿದೆ. ತಂಬಾಕು ಉತ್ಪನ್ನಗಳ ಮಾರಾಟವನ್ನು ನಿಯಂತ್ರಿಸುವ 2003ರ ಕೋಟ್ಪಾ ಕಾಯ್ದೆಯ 6ನೇ ಸೆಕ್ಷನ್ನಿನ ಪ್ರಕಾರ ಶಿಕ್ಷಣ ಸಂಸ್ಥೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ, ಅಪ್ರಾಪ್ತರಿಗೆ ಎಲ್ಲಿಯೂ ಮಾರುವಂತಿಲ್ಲ. ಕರ್ನಾಟಕದ ತಿದ್ದುಪಡಿಯು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ‘ಅಪ್ಪನೇ ಕಳಿಸಿದ್ದು’ ಎಂಬುದು ಅಂಗಡಿಯವರಿಗೆ ರಕ್ಷಣೆಯಾಗುವುದಿಲ್ಲ. ತಂಬಾಕು ಬೆರೆಸಿದ ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಜೋಡಿ ಮಾರಾಟ ನಡೆದಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇ-ಸಿಗರೇಟಿನ ಮಾರಾಟ 2019ರಿಂದ ದೇಶದಾದ್ಯಂತ ನಿಷಿದ್ಧ. ಮಗುವಿನ ಕೈಗೆ ಮದ್ಯವನ್ನೋ ತಂಬಾಕನ್ನೋ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಡಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಇಷ್ಟೆಲ್ಲ ಇದ್ದರೂ ಮೊದಲ ಭೇಟಿಯಲ್ಲೇ ಕಾನೂನಿನ ಪುಸ್ತಕ ಬಿಚ್ಚುವುದು ಜಾಣತನವಲ್ಲ. ಅಂಗಡಿಯವರೂ ಹೆಚ್ಚಾಗಿ ಅದೇ ಶಾಲೆಯ ಪೋಷಕರು. ಸಮಿತಿಯ ಸದಸ್ಯರೊಬ್ಬರು ಹೋಗಿ, ‘ಅಣ್ಣಾ, ಯೂನಿಫಾರಂ ಹಾಕಿದ ಯಾವ ಮಗುವಿನ ಕೈಗೂ ಚೀಟಿ ಕೊಡಬೇಡಿ, ಸರವನ್ನು ಒಳಗೆ ತೂಗುಹಾಕಿ’ ಎಂದು ಕೇಳಿಕೊಂಡರೆ ಅರ್ಧ ಕೆಲಸ ಆಗುತ್ತದೆ. ಆಗದಿದ್ದರೆ ಗ್ರಾಮ ಪಂಚಾಯಿತಿಗೆ ಬರಹದಲ್ಲಿ ದೂರು ಕೊಟ್ಟು, ಸ್ವೀಕೃತಿ ಪಡೆದು ಕಡತದಲ್ಲಿಡಬೇಕು. ಕೇಂದ್ರ ಆರೋಗ್ಯ ಸಚಿವಾಲಯದ ತಂಬಾಕುಮುಕ್ತ ಶಿಕ್ಷಣ ಸಂಸ್ಥೆ ಮಾರ್ಗಸೂಚಿಯಂತೆ ಗೇಟಿನ ಬಳಿ ಸೂಚನಾ ಫಲಕ ಹಾಕುವುದು, ನೂರು ಗಜದ ಗಡಿಗೆ ಹಳದಿ ಗೆರೆ ಎಳೆಯುವುದು ಕೂಡ ಇದೇ ಹದಿನೈದು ದಿನಗಳಲ್ಲಿ ಮುಗಿಯಲಿ. ಶಿಕ್ಷಕರ ಕೊಠಡಿಯ ಹಿಂದೆ ಬೀಡಿ ಮೋಟುಗಳು ಬಿದ್ದಿದ್ದರೆ ಅದನ್ನು ಇತ್ಯರ್ಥ ಮಾಡದೆ ಸಪ್ತಾಹ ಶುರು ಮಾಡಬಾರದು.

ಹಂತ 2: ಊರಿನ ದುಡಿಮೆಯನ್ನು ಅರಿತು ಮಾತು ಹೊಂದಿಸಿಕೊಳ್ಳುವುದು

ಎಲ್ಲ ಜಿಲ್ಲೆಗಳಿಗೂ ಒಂದೇ ಭಾಷಣ ಹೊಂದುವುದಿಲ್ಲ. ಅಚ್ಚು ಹಾಕಿದ ಕೈಪಿಡಿಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಹುಣಸೂರು, ಪಿರಿಯಾಪಟ್ಟಣದ ಕಡೆ ಮಗುವಿನ ಮನೆಯ ಪಕ್ಕದಲ್ಲೇ ತಂಬಾಕಿನ ಸೊಪ್ಪು ಒಣಗಿಸುವ ಬ್ಯಾರನ್ ಇರುತ್ತದೆ, ಶಾಲೆಯ ಫೀಸಿನಿಂದ ಅಕ್ಕನ ಮದುವೆಯವರೆಗೆ ಎಲ್ಲವೂ ಹೊಗೆಸೊಪ್ಪಿನ ದುಡ್ಡಿನಲ್ಲೇ ನಡೆಯುತ್ತದೆ. ಬಂಟ್ವಾಳ, ಪುತ್ತೂರಿನ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಮೊರದಲ್ಲಿ ಎಲೆ ಮತ್ತು ತಂಬಾಕು ಹರಡಿಕೊಂಡು ಬೀಡಿ ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುತ್ತಾರೆ. ಶಿರಸಿ, ಚನ್ನಗಿರಿಯಲ್ಲಿ ಅಡಿಕೆಯೇ ಬದುಕು. ಇಂಥ ಊರಿನ ತರಗತಿಯಲ್ಲಿ ನಿಂತು ‘ತಂಬಾಕು ಪಾಪ, ಅಡಿಕೆ ವಿಷ’ ಎಂದರೆ ಮಗುವಿನ ಕಿವಿಗೆ ‘ನಿನ್ನ ಅವ್ವ ಕೆಟ್ಟ ಕೆಲಸ ಮಾಡುತ್ತಾಳೆ’ ಎಂದು ಕೇಳಿಸುತ್ತದೆ.

ಬೆಳೆಯುವುದು, ಕಟ್ಟುವುದು ದುಡಿಮೆ. ಬಾಯಿಗೆ ಹಾಕಿಕೊಳ್ಳುವುದು ಬೇರೆ ಎಂದು ಬಿಡಿಸಿ ಹೇಳಬೇಕು. ತಂಬಾಕಿನ ಸೀಮೆಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಆರೋಗ್ಯ ಪಾಠವೆಂದರೆ ಒದ್ದೆ ಸೊಪ್ಪನ್ನು ಮಕ್ಕಳು ಮುಟ್ಟಬಾರದು ಎಂಬುದು, ಏಕೆಂದರೆ ಮಳೆ ಅಥವಾ ಇಬ್ಬನಿಯಲ್ಲಿ ನೆನೆದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಒಳಹೋಗಿ ತಲೆಸುತ್ತು, ವಾಂತಿ ತರುತ್ತದೆ. ಅಡಿಕೆಯ ವಿಷಯದಲ್ಲಿ ಸತ್ಯವನ್ನು ಮುಚ್ಚಿಡುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2003ರ ಪರಿಶೀಲನೆಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ಆರು, ಏಳನೇ ತರಗತಿಗೆ ನೇರವಾಗಿ ಹೇಳಬಹುದು. ಒಂದನೇ ತರಗತಿಗೆ ‘ಅಡಿಕೆ ಮಕ್ಕಳ ಬಾಯಿಗಲ್ಲ’ ಎಂದರೆ ಸಾಕು.

ಹಂತ 3: ಪೋಷಕರ ಸಭೆ

ಸಪ್ತಾಹಕ್ಕೆ ಒಂದು ವಾರ ಮೊದಲು, ಕೂಲಿ ಮುಗಿಸಿ ಬರುವವರಿಗೆ ಅನುಕೂಲವಾಗುವಂತೆ ಸಂಜೆ ಸಭೆ ಕರೆಯಬೇಕು. ಕುಡಿಯುವುದನ್ನು ಬಿಡಿ ಎಂದು ಆ ಸಭೆಯಲ್ಲಿ ಬೋಧಿಸಿದರೆ ಬರಬೇಕಾದವರೇ ಮುಂದಿನ ಸಲ ಬರುವುದಿಲ್ಲ. ಕೇಳಬೇಕಾದದ್ದು ಮೂರೇ ಮೂರು: ಬೀಡಿ, ಚೀಟಿ, ಮದ್ಯ ತರಲು ಮಕ್ಕಳನ್ನು ಕಳಿಸಬೇಡಿ, ಮಕ್ಕಳ ಮುಂದೆ, ಮನೆಯೊಳಗೆ ಸೇದಬೇಡಿ, ಮಾತ್ರೆ, ಕೀಟನಾಶಕ, ಸೀಮೆಎಣ್ಣೆ, ಮದ್ಯವನ್ನು ಮಕ್ಕಳ ಕೈಗೆಟುಕದಂತೆ, ಅವುಗಳ ಮೂಲ ಡಬ್ಬಿಯಲ್ಲೇ ಇಡಿ. ಅಜ್ಜಿಯರನ್ನು ಈ ಸಭೆಗೆ ಕರೆಯುವುದನ್ನು ಮರೆಯಬಾರದು. ಎಲೆಅಡಿಕೆ ತಟ್ಟೆಯಿಂದ ಮೊಮ್ಮಗುವಿಗೆ ಒಂದು ಚೂರು ಅಡಿಕೆ ಕೊಡುವುದು, ಹಲ್ಲುನೋವಿಗೆ ತಂಬಾಕಿನ ಕಡ್ಡಿಪುಡಿ ಒತ್ತುವುದು ಅವರ ಮಟ್ಟಿಗೆ ಪ್ರೀತಿಯೇ. ಅದನ್ನು ನಿಲ್ಲಿಸಲು ಸಿಟ್ಟಿಗಿಂತ ಅವರ ವಯಸ್ಸಿನವರೇ ಆದ ಇನ್ನೊಬ್ಬ ಅಜ್ಜಿಯ ಮಾತು ಹೆಚ್ಚು ಕೆಲಸ ಮಾಡುತ್ತದೆ.

ಹಂತ 4: ವಾರದ ಆರು ದಿನಗಳು

ಸೋಮವಾರ ಹೆಚ್ಚಿನದೇನೂ ಬೇಡ. ಪ್ರಾರ್ಥನೆಯಲ್ಲಿ ಐದು ನಿಮಿಷದ ಪರಿಚಯ, ಪ್ರತಿ ತರಗತಿಯಲ್ಲಿ ಒಂದು ಪ್ರಶ್ನೆ ಪೆಟ್ಟಿಗೆ. ಹೆಸರು ಬರೆಯದೆ ಯಾವ ಪ್ರಶ್ನೆಯನ್ನಾದರೂ ಹಾಕಬಹುದು ಎಂದು ತಿಳಿಸಿ, ಪೆಟ್ಟಿಗೆಯನ್ನು ಮೂಲೆಯಲ್ಲಿ, ಹಾಕುವವರನ್ನು ಇತರರು ಗಮನಿಸದ ಕಡೆ ಇಡಬೇಕು.

ಮಂಗಳವಾರ ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳ ದಿನ. ಖಾಲಿ ಡಬ್ಬಿಗಳನ್ನೂ ಚಿತ್ರಗಳನ್ನೂ ನೆಲದ ಮೇಲೆ ಹರಡಿ, ತಿನ್ನುವಂಥವು, ಔಷಧಿ, ಮುಟ್ಟಬಾರದವು ಎಂದು ಮೂರು ವೃತ್ತಗಳಲ್ಲಿ ಮಕ್ಕಳೇ ಇಡುವ ಆಟ ಆಡಿಸಬೇಕು. ಬಣ್ಣದ ಜೆಲ್ಲಿ ಮಿಠಾಯಿ ಮತ್ತು ಬಣ್ಣದ ಮಾತ್ರೆ ಪಕ್ಕಪಕ್ಕ ಬಂದಾಗ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ನೀರಿನ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆಯ ಚಿತ್ರ ತೋರಿಸಿದರೆ ಅರ್ಧಕ್ಕರ್ಧ ಮಕ್ಕಳು ಅದನ್ನು ಮೊದಲ ವೃತ್ತದಲ್ಲೇ ಇಡಬಹುದು. ಪಾಠ ಅಲ್ಲಿಂದಲೇ ಏಳುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತೋರಿಸಿ, ಚಿಕ್ಕವರಿಗೆ ಗುಲಾಬಿ, ಹತ್ತು ದಾಟಿದವರಿಗೆ ನೀಲಿ ಏಕೆ ಎಂದು ಕೇಳಿದರೆ, ಔಷಧಿಗೆ ವಯಸ್ಸು ಮತ್ತು ಅಳತೆ ಇದೆ ಎಂಬುದು ಅವರಿಗೇ ಹೊಳೆಯುತ್ತದೆ. ಗೊತ್ತಿಲ್ಲದ್ದನ್ನು ಬಾಯಿಗೂ ಮೂಗಿಗೂ ಒಯ್ಯುವ ಮೊದಲು ದೊಡ್ಡವರನ್ನು ಕೇಳಬೇಕು ಎಂಬುದು ಈ ದಿನದ ಒಂದೇ ನಿಯಮ. ಮೂಗು ಎಂಬುದನ್ನು ಬೇಕೆಂದೇ ಸೇರಿಸಿದೆ, ಏಕೆಂದರೆ ವೈಟ್‌ನರ್, ಸೊಲ್ಯೂಷನ್ ಮೂಸುವ ಚಟ ಎಳೆಯ ವಯಸ್ಸಿನಲ್ಲೇ ಹತ್ತುವುದುಂಟು. ಆದರೆ ಅವುಗಳ ಹೆಸರು ಹೇಳಿ ಕುತೂಹಲ ಕೆರಳಿಸಬಾರದು.

ಬುಧವಾರ ‘ಬೇಡ’ ಹೇಳುವ ಅಭ್ಯಾಸ. ಇಡೀ ಸಪ್ತಾಹದ ತಿರುಳು ಇದೇ ಆದ್ದರಿಂದ ನಾಲ್ಕನೇ ತರಗತಿಯಿಂದ ಮೇಲಿನವರಿಗೆ ಎರಡು ಅವಧಿಗಳನ್ನು ಪೂರ್ತಿಯಾಗಿ ಕೊಡಬೇಕು. ಹೇಗೆ ಹೇಳಬೇಕೆಂದು ವಿವರಿಸಿದರೆ ಸಾಲದು, ಮಕ್ಕಳು ಎದ್ದು ನಿಂತು ತಮ್ಮ ಆಡುಮಾತಿನಲ್ಲೇ ಹೇಳಿ ನೋಡಬೇಕು. ಸನ್ನಿವೇಶ ಹೀಗಿರಲಿ: ಶಾಲೆಯಿಂದ ಮನೆಗೆ ಹೋಗುವ ದಾರಿಯ ಮೋರಿಯ ಮೇಲೆ ಹೈಸ್ಕೂಲಿನ ಹುಡುಗನೊಬ್ಬ ಕೂತಿದ್ದಾನೆ.

‘ಬಾರೋ ಇಲ್ಲಿ. ಒಂದ್ಸಲ ಬಾಯಿಗೆ ಹಾಕ್ಕೊಂಡು ನೋಡು, ಏನೂ ಆಗಲ್ಲ.’

‘ಬ್ಯಾಡ ಅಣ್ಣ, ನಂಗೆ ಸೇರಲ್ಲ.’

‘ಹೆದರ್ಕೊಂಡ್ಯಾ? ನಿನ್ ಫ್ರೆಂಡೇ ತಿಂತಾನೆ.’

‘ಅವ್ನು ತಿನ್ಲಿ ಬಿಡಣ್ಣ. ಅವ್ವ ಕಾಯ್ತಾ ಇರ್ತಾಳೆ, ನಾ ಹೊಂಟೆ.’

ಕಾರಣ ಕೊಡುತ್ತ ವಾದಕ್ಕೆ ನಿಲ್ಲದಿರುವುದು, ದನಿ ಏರಿಸದೆ ಎರಡೇ ಮಾತಿನಲ್ಲಿ ಮುಗಿಸುವುದು, ಕಾಲು ಅಷ್ಟರಲ್ಲೇ ಚಲಿಸುವುದು, ಮನೆಗೆ ಹೋಗಿ ಹೇಳುವುದು: ಮಕ್ಕಳು ಗಮನಿಸಬೇಕಾದದ್ದು ಇವನ್ನು. ಎಲ್ಲರೂ ಎರಡೂ ಪಾತ್ರ ಮಾಡಬೇಕೆಂಬ ಆಸೆ ಬೇಡ. ಒತ್ತಾಯಿಸುವ ಪಾತ್ರವನ್ನು ಶಿಕ್ಷಕರೇ ವಹಿಸಿದರೆ ಯಾವ ಮಗುವೂ ಒತ್ತಾಯಿಸುವ ಕಲೆಯಲ್ಲಿ ಪಳಗುವುದಿಲ್ಲ. ‘ನಿನ್ ಫ್ರೆಂಡೇ ತಿಂತಾನೆ’ ಎಂಬ ಮಾತಿಗೆ ನಿಜವಾದ ಉತ್ತರವೂ ಇದೆ. 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ 2019ರಲ್ಲಿ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯಂತೆ ದೇಶದಲ್ಲಿ ಯಾವುದಾದರೂ ರೂಪದ ತಂಬಾಕು ಬಳಸುವವರು ಶೇ 8.5, ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಮುಟ್ಟುವುದಿಲ್ಲ. ಕರ್ನಾಟಕದ ಪ್ರಮಾಣವಂತೂ ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳ ಸಾಲಿನಲ್ಲಿತ್ತು. ‘ಎಲ್ಲರೂ ಹಾಳಾಗುತ್ತಿದ್ದಾರೆ’ ಎನ್ನುವ ಭಾಷಣಕ್ಕಿಂತ ಈ ಲೆಕ್ಕ ಮಕ್ಕಳಿಗೆ ಧೈರ್ಯ ಕೊಡುತ್ತದೆ. ಅದೇ ಸಮೀಕ್ಷೆಯಲ್ಲಿ ಶಿಕ್ಷಕರು ಗಮನಿಸಬೇಕಾದ ಇನ್ನೊಂದು ಮುಖವಿದೆ: ಜಗಿಯುವ ತಂಬಾಕನ್ನು ಬಳಸಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಹತ್ತು ತುಂಬುವ ಮೊದಲೇ ಶುರು ಮಾಡಿದ್ದರು. ಪ್ರಾಥಮಿಕ ಶಾಲೆಗೆ ಈ ಸಪ್ತಾಹ ಏಕೆ ಎಂದು ಕೇಳುವವರಿಗೆ ಇದನ್ನೇ ತೋರಿಸಬಹುದು.

ಗುರುವಾರ ಗಣಿತ ಮತ್ತು ಜಾಹೀರಾತು. ದಿನಕ್ಕೆ ಹತ್ತು ರೂಪಾಯಿಯ ಎರಡು ಚೀಟಿ ಕೊಳ್ಳುವ ಕಾಲ್ಪನಿಕ ‘ರಂಗಣ್ಣ’ನಿಗೆ ವರ್ಷಕ್ಕೆ 7,300 ರೂಪಾಯಿ ಖರ್ಚು, ಅದರಲ್ಲಿ ಏನೇನು ಬರುತ್ತಿತ್ತು ಎಂದು ಮಕ್ಕಳು ಸಂತೆಯ ದರದಲ್ಲಿ ಪಟ್ಟಿ ಮಾಡಲಿ. ‘ನಿಮ್ಮ ಅಪ್ಪ ಎಷ್ಟು ಖರ್ಚು ಮಾಡುತ್ತಾರೆ’ ಎಂದು ಮಾತ್ರ ಕೇಳಕೂಡದು. ಏಲಕ್ಕಿಯ ಹೆಸರಿನಲ್ಲಿ ಸಿನಿಮಾ ನಟರು ಬರುವ ಜಾಹೀರಾತು ನಿಜಕ್ಕೂ ಏನನ್ನು ಮಾರುತ್ತಿದೆ ಎಂಬ ಚರ್ಚೆಗೆ ಏಳನೇ ತರಗತಿಯವರು ನಾವು ಅಂದುಕೊಂಡದ್ದಕ್ಕಿಂತ ಚುರುಕಾಗಿ ಉತ್ತರಿಸುತ್ತಾರೆ.

ಶುಕ್ರವಾರ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರನ್ನು ಕರೆಸಬಹುದು. ಅಡಿಕೆ, ಪಾನ್ ಮಸಾಲ ಜಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲಾಗದ ರೋಗವನ್ನು ಭೀಕರ ಚಿತ್ರಗಳಿಲ್ಲದೆಯೂ ವಿವರಿಸಬಹುದು: ಆರೋಗ್ಯವಂತರ ಬಾಯಲ್ಲಿ ತಮ್ಮದೇ ಮೂರು ಬೆರಳುಗಳು ಒಂದರ ಮೇಲೊಂದು ನಿಲ್ಲುತ್ತವೆ. ಆ ಮಟ್ಟಕ್ಕೆ ಬಾಯಿ ತೆರೆಯದ ಮಗು ಕಂಡುಬಂದರೆ ವೈದ್ಯರು ಎಲ್ಲರೆದುರು ಹೇಳದೆ ಮುಖ್ಯ ಶಿಕ್ಷಕರಿಗೆ ಮಾತ್ರ ತಿಳಿಸಬೇಕೆಂದು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಪೆಟ್ಟಿಗೆಯ ಪ್ರಶ್ನೆಗಳಿಗೂ ಇದೇ ದಿನ ಉತ್ತರ.

ಶನಿವಾರದ ಅರ್ಧ ದಿನವನ್ನು ದೊಡ್ಡವರಿಗೆ ಬಿಡಬೇಕು. ಮಹಾಂತ ಜೋಳಿಗೆಯ ನೆನಪಿನಲ್ಲಿ ಗೇಟಿನ ಬಳಿ ಒಂದು ಬಟ್ಟೆಯ ಜೋಳಿಗೆ ತೂಗುಹಾಕಿ, ಬಿಡಲು ಮನಸ್ಸಿದ್ದವರು ಚೀಟಿಯನ್ನೋ ಬೀಡಿ ಕಟ್ಟನ್ನೋ ಹಾಕಿ ಹೋಗಲಿ. ಹೆಸರು ಬರೆಯುವುದು, ಚಪ್ಪಾಳೆ ಹೊಡೆಸುವುದು, ಫೋಟೊ ತೆಗೆಯುವುದು ಬೇಡ. ಮಕ್ಕಳ ಕೈಯಲ್ಲಿ ‘ಅಪ್ಪಾ ಕುಡಿಯಬೇಡ’ ಎಂಬ ಪತ್ರ ಬರೆಸಿ ಕಳಿಸುವ ಪದ್ಧತಿ ನೋಡಲು ಮನ ಕರಗಿಸುತ್ತದೆ, ಆದರೆ ಕುಡಿದು ಬಂದ ಅಪ್ಪನ ಕೈಗೆ ಆ ಪತ್ರ ಕೊಡುವ ಮಗುವಿನ ಸ್ಥಿತಿಯನ್ನು ನೆನೆದು ಅದನ್ನು ಬಿಟ್ಟುಬಿಡುವುದೇ ಸರಿ. ಬಿಡಲು ನೆರವು ಬೇಕಾದವರಿಗೆ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356, ನಶಾಮುಕ್ತ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416 ಇವುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಡಬೇಕು.

ಹಂತ 5: ಮಗು ಬಾಯಿ ಬಿಟ್ಟಾಗ

ಸಪ್ತಾಹ ಚೆನ್ನಾಗಿ ನಡೆದರೆ ಒಂದು ಮಗುವಾದರೂ ಬಂದು ಏನಾದರೂ ಹೇಳುತ್ತದೆ. ಅದಕ್ಕೆ ಸಿದ್ಧರಾಗದೆ ಸಪ್ತಾಹ ನಡೆಸುವುದು ಹೊಣೆಗೇಡಿತನ. ‘ಅಪ್ಪ ಕುಡಿದು ಅವ್ವನಿಗೆ ಹೊಡೀತಾನೆ ಮಿಸ್’ ಎಂದಾಗ, ಪೂರ್ತಿ ಕೇಳಿಸಿಕೊಂಡು, ‘ಹೇಳಿದ್ದು ಒಳ್ಳೇದಾಯ್ತು ಪುಟ್ಟ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ’ ಎನ್ನಬೇಕು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು, ಏಕೆಂದರೆ ಕೆಲವು ಸಂಗತಿಗಳನ್ನು ಹೇಳಲೇಬೇಕಾಗುತ್ತದೆ. ಮಗುವಿಗೆ ಅಪಾಯವಿದ್ದರೆ, ಅಥವಾ ಮಗುವಿನ ಕೈಯಲ್ಲೇ ಮಾದಕ ವಸ್ತು ಸಾಗಿಸುವವರಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಅಂದೇ ಕರೆ ಮಾಡಬೇಕು.

ಮಗುವಿನ ಚೀಲದಲ್ಲೇ ಚೀಟಿ ಸಿಕ್ಕರೆ ಪ್ರಾರ್ಥನೆಯಲ್ಲಿ ನಿಲ್ಲಿಸುವುದು, ವರ್ಗಾವಣೆ ಪತ್ರ ಕೊಟ್ಟು ಕಳಿಸುವುದು ಎರಡೂ ಸಲ್ಲದು. ಶಾಲೆ ಕೈಬಿಟ್ಟ ಮಗುವನ್ನು ಹಿಡಿದುಕೊಳ್ಳುವವರು ಮೋರಿಯ ಮೇಲೆ ಕಾಯುತ್ತಲೇ ಇರುತ್ತಾರೆ. ಯಾರು ಕೊಟ್ಟರು, ಎಷ್ಟು ದಿನದಿಂದ ಎಂಬುದನ್ನು ಒಬ್ಬ ಶಿಕ್ಷಕರು ಮಾತ್ರ ಸಾವಕಾಶವಾಗಿ ಕೇಳಿ, ಪೋಷಕರನ್ನು ಕರೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಮುಂದಿನ ನೆರವು ಕೊಡಿಸಬೇಕು.

ಹಂತ 6: ಸಪ್ತಾಹ ಮುಗಿದ ಮೇಲಿನ ಸೋಮವಾರ

ವರ್ಷವಿಡೀ ಮುಂದುವರಿಸಲು ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ, 1969ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ತರಗತಿಯೊಂದರಲ್ಲಿ ಹುಟ್ಟಿದ ‘ಒಳ್ಳೆಯ ನಡತೆಯ ಆಟ’ವನ್ನು ಸೂಚಿಸಬಹುದು. ತರಗತಿಯನ್ನು ತಂಡಗಳಾಗಿ ಹಂಚಿ, ಮೂರು ನಾಲ್ಕು ಸರಳ ನಿಯಮ ಬರೆದು, ಹತ್ತು ನಿಮಿಷದ ಆಟದ ಅವಧಿಯಲ್ಲಿ ನಿಯಮ ಮೀರಿದಾಗಲೆಲ್ಲ ತಂಡದ ಹೆಸರಿನ ಮುಂದೆ ಒಂದು ಗೆರೆ ಎಳೆಯುವುದು. ಗೊತ್ತುಪಡಿಸಿದ ಗೆರೆಗಳೊಳಗೆ ಉಳಿದ ತಂಡಗಳೆಲ್ಲವೂ ಗೆದ್ದಂತೆ, ಬಹುಮಾನ ಐದು ನಿಮಿಷ ಹೆಚ್ಚಿನ ಆಟ. ಇಷ್ಟೇ. ಮಾದಕ ವಸ್ತುವಿನ ಹೆಸರೇ ಬಾರದ ಈ ಆಟವನ್ನು 1980ರ ದಶಕದಲ್ಲಿ ಬಾಲ್ಟಿಮೋರಿನ ಒಂದನೇ ತರಗತಿಯ ಮಕ್ಕಳಿಗೆ ಆಡಿಸಿ, ಅವರು ಇಪ್ಪತ್ತರ ಆಸುಪಾಸಿಗೆ ಬಂದಾಗ ಪರಿಶೀಲಿಸಿದರೆ, ಅವರಲ್ಲಿ, ಮುಖ್ಯವಾಗಿ ಚಿಕ್ಕಂದಿನಲ್ಲಿ ಒರಟಾಗಿದ್ದ ಹುಡುಗರಲ್ಲಿ, ಮಾದಕ ವ್ಯಸನ ಕಡಿಮೆ ಕಂಡುಬಂತು. ತನ್ನನ್ನು ತಾನು ತಡೆದುಕೊಳ್ಳುವುದನ್ನು ಆರನೇ ವಯಸ್ಸಿನಲ್ಲೇ ಗೆಳೆಯರ ನಡುವೆ ಕಲಿತದ್ದರ ಫಲ ಅದು.

ಕೊನೆಗೆ ಕಡತದ ಕೆಲಸ. ಅಂಗಡಿಗಳ ನಕ್ಷೆ, ಪಂಚಾಯಿತಿಗೆ ಕೊಟ್ಟ ದೂರಿನ ಸ್ವೀಕೃತಿ, ಪೆಟ್ಟಿಗೆಯಲ್ಲಿ ಬಂದ ಪ್ರಶ್ನೆಗಳು, ಪೋಷಕರ ಸಭೆಯ ನಡಾವಳಿ ಇವನ್ನು ಒಂದೆಡೆ ಇಟ್ಟು, ದೂರು ಇತ್ಯರ್ಥವಾಗಿಲ್ಲದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಿಂದಲೇ ಎತ್ತಿಸಬೇಕು. ಮೂರು ತಿಂಗಳಾದ ಮೇಲೆ ಅದೇ ನಕ್ಷೆ ಹಿಡಿದು ಅದೇ ಸಂಜೆಯ ಹೊತ್ತಿಗೆ ಇನ್ನೊಮ್ಮೆ ನಡೆದು, ಎಷ್ಟು ಅಂಗಡಿಗಳಲ್ಲಿ ಸರ ಒಳಗೆ ಹೋಗಿದೆ, ಎಷ್ಟು ಮಕ್ಕಳು ಇನ್ನೂ ಚೀಟಿ ಕೊಳ್ಳಲು ಬರುತ್ತಿದ್ದಾರೆ ಎಂದು ಗುರುತು ಹಾಕಿ, ಮುಂದಿನ ವರ್ಷದ ಹೊಣೆ ಹೊರುವ ಶಿಕ್ಷಕರಿಗೆ ಕಡತವನ್ನು ಒಪ್ಪಿಸಬೇಕು.